ಆರದ ಅಳಲು: ಒಬ್ಬ ಕತೆಗಾರ್ತಿಗೆ ಪತ್ರ

ಸೋದರಿ, ನಮಸ್ಕಾರ.

ಗದಗಿನಿಂದ ನೀವು ಕಳಿಸಿದ ಕತೆಯನ್ನು ಎರಡು ಸಲ ಓದಿದೆ. ಮಗನನ್ನು ಕಳಕೊಂಡ ತಾಯಿಯ ಕತೆ, ವಸ್ತು ಗಟ್ಟಿಯಾಗಿದೆ. ಆದರೂ ಈಗಿರುವಂತೆ ಅಚ್ಚು ಹಾಕಲಾರೆ. ನನ್ನನ್ನು ತಡೆದದ್ದು ಮೂರನೆಯ ಪುಟದ ಒಂದು ಪದ. ಮಣ್ಣು ಕೊಟ್ಟು ಜನ ತಿರುಗಿ ಬಂದ ಮೇಲೆ 'ಆಕೆ ತೀರಾ ಅಸಮಾಧಾನದಿಂದ ಅಳುತ್ತಿದ್ದಳು' ಎಂದು ಬರೆದಿದ್ದೀರಿ.

ನಿಮ್ಮ ಲೆಕ್ಕ ಅರ್ಥವಾಗುತ್ತದೆ. ಸತ್ತವರ ಮನೆಗೆ ಹೋದವರು 'ಸಮಾಧಾನ ಮಾಡ್ಕೋರಿ' ಅನ್ನುತ್ತಾರೆ; ಆ ಸಮಾಧಾನ ಆಗದಿದ್ದರೆ ಅಸಮಾಧಾನ. ವ್ಯಾಕರಣ ಒಪ್ಪೀತು, ಬಳಕೆ ಒಪ್ಪುವುದಿಲ್ಲ. ಮಂತ್ರಿಗಿರಿ ಸಿಗದ ಶಾಸಕರಿಗೆ ಅಸಮಾಧಾನ ಆಗುತ್ತದೆ. ಮದುವೆಯಲ್ಲಿ ಸರಿಯಾಗಿ ಮಾತಾಡಿಸಲಿಲ್ಲವೆಂದು ಬೀಗರಿಗೆ ಆಗುತ್ತದೆ. ಹೆತ್ತ ಮಗನನ್ನು ಮಣ್ಣಿಗಿಟ್ಟವಳಿಗೆ ಈ ಪದ ಹಚ್ಚಿದರೆ ಆಕೆಯ ದುಃಖ ಒಂದು ಮುನಿಸಿನಷ್ಟು ಸಣ್ಣದಾಗುತ್ತದೆ. ಓದುವಾಗ ನನಗೆ ಅಲ್ಲಿ ನೋವಾಯಿತು.

ಮುಂದಿನ ಪುಟದಲ್ಲಿ 'ಸಾಂತ್ವನಾತೀತ ಶೋಕ' ಎಂದಿದೆ. ಆ ಮನೆಯಲ್ಲಿ ಯಾರ ಬಾಯಲ್ಲೂ ಬಾರದ ಮಾತು. ತೆಗೆದುಬಿಡಿ.

ನಿಮಗೆ ಬೇಕಾದದ್ದು ಅಳಲು. ಹಳಗನ್ನಡದಲ್ಲಿ ಅದು 'ಅೞಲ್'. ತಮಿಳಿನಲ್ಲಿ ಅೞಲ್ ಅಂದರೆ ಬೆಂಕಿ, ಉರಿ. ನಮ್ಮಲ್ಲಿ ಆ ಉರಿ ಒಡಲೊಳಗೆ ಸೇರಿತು. ಈಗ 'ನಳಕ್ಕೆ ನೀರು ಬಂದಿಲ್ಲವೆಂದು ನಿವಾಸಿಗಳು ಅಳಲು ತೋಡಿಕೊಂಡರು' ಎಂದು ದಿನವೂ ಬರೆದು ಬರೆದು ಪತ್ರಿಕೆಗಳು ಅದನ್ನು ಅಹವಾಲಿನ ಮಟ್ಟಕ್ಕೆ ಇಳಿಸಿವೆ. ಹಾಗಾಗಿ ಬರಿಯ ಅಳಲು ಸಾಲದು, 'ಆರದ ಅಳಲು' ಅನ್ನಿ. ಒಲೆಯ ಕೆಂಡ ಆರುತ್ತದೆ, ಗಾಯ ಆರುತ್ತದೆ, ಬಿಸಿ ಅನ್ನ ಆರುತ್ತದೆ, ಹಗ್ಗಕ್ಕೆ ಹಾಕಿದ ಸೀರೆ ಆರುತ್ತದೆ. ಎಲ್ಲವೂ ಹೊತ್ತು ಹೋದಂತೆ ತಾವಾಗಿಯೇ ಆರುವಂಥವು. ಆರದ್ದು ಎಂದಿರೋ, ಕಾಲವೂ ಕೈಚೆಲ್ಲಿತು ಎಂದು ಹೇಳಿದಂತಾಯಿತು.

ಕೊರಗು ಬೇರೆ, ಅದು ಸದ್ದಿಲ್ಲದೆ ಮೈಯನ್ನು ಸೊರಗಿಸುತ್ತದೆ. ನಮ್ಮ ಕಡೆಯ ಹಳಹಳಿ ಇನ್ನೂ ಬೇರೆ. 'ಅವತ್ತ ಅವಗ ಗಾಡಿ ಚಾವಿ ಕೊಡಬಾರದಿತ್ತು' ಎಂಬ ಚಡಪಡಿಕೆ ಅದರಲ್ಲಿದೆ. ನಿಮ್ಮ ಕತೆಯ ಅಪ್ಪನದು ಹಳಹಳಿ. ಚಾವಿ ಕೊಟ್ಟವನು ಅವನೇ ಎಂದು ನೀವೇ ಬರೆದು, ಅಲ್ಲಿ ಒಂದು ಗಳಿಗೆಯೂ ನಿಲ್ಲದೆ ಮುಂದೆ ಹೋಗಿದ್ದೀರಿ.

ಪದ ಬದಲಿಸಿದ ಮಾತ್ರಕ್ಕೆ ಕತೆ ಸರಿಹೋಗದು. ಸಮಾಧಾನ ಹೇಳುವವರು ಬಂದು, ಹೇಳಿ, ಸೋತು ಎದ್ದು ಹೋದಾಗಲೇ ಅಳಲು ಆರದ್ದೆಂದು ಓದುವವರಿಗೆ ತಿಳಿಯುವುದು. ನಿಮ್ಮ ತಾಯಿ ಕತೆಯುದ್ದಕ್ಕೂ ಒಬ್ಬಳೇ ಅಳುತ್ತಾಳೆ. ನಮ್ಮೂರುಗಳಲ್ಲಿ ಹಾಗೆ ಬಿಡುತ್ತಾರೆಯೇ? ಒಲೆ ಹಚ್ಚದ ಮನೆಗೆ ಬುತ್ತಿ ಬರುತ್ತದೆ. ಓಣಿಯವರು ಮಾತಾಡಿಸಲು ಬರುತ್ತಾರೆ. 'ಎರಡ ತುತ್ತರ ಉಣ್ಣವಾ' ಎಂದು ರೊಟ್ಟಿ ಮುರಿದು ಕೈಗಿಡುತ್ತಾರೆ. ಯಾರೋ ಮುದುಕಿ ಹಾಡ್ಯಾಡಿ ಅಳುತ್ತಾಳೆ.

ನಿಮ್ಮೂರಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದನೆನ್ನುವ ಕುಮಾರವ್ಯಾಸನ ದ್ರೋಣಪರ್ವ ತೆಗೆದು, ಅಭಿಮನ್ಯು ಸತ್ತ ಮೇಲಿನ ಭಾಗವನ್ನು ಗಟ್ಟಿಯಾಗಿ ಓದಿ. ಕೃಷ್ಣನಂಥವನು ಪಕ್ಕದಲ್ಲಿದ್ದರೂ ಅರ್ಜುನನ ಅಳಲು ಮಾತಿಗೆ ಆರುವುದಿಲ್ಲ. ಸೈಂಧವನನ್ನು ಕೊಲ್ಲುವ ಶಪಥವಾಗಿ ಹೊರಳುತ್ತದೆ. ನಿಮ್ಮ ತಾಯಿಗೆ ಶಪಥ ಮಾಡಲು ಶತ್ರುವೂ ಇಲ್ಲ.

ಆ ಬುತ್ತಿ ಯಾರು ತಂದರು, ಆಕೆ ಗಂಟು ಬಿಚ್ಚಿದಳೋ ಇಲ್ಲವೋ, ಅಷ್ಟನ್ನು ಮೂರನೆಯ ಪುಟದಲ್ಲಿ ಬರೆದು ಕಳಿಸಿ. ಕಾಯುತ್ತಿರುತ್ತೇನೆ.

ಸಂಪಾದಕ, ಧಾರವಾಡ