ಅಲೆ ತೊಳೆದ ಮರಳಿನಡಿ ಉಳಿಯುವ ಎಣ್ಣೆ

ಪ್ರಶ್ನೆ: ಮೇ ತಿಂಗಳಿನಲ್ಲಿ ಮನೆಯವರೆಲ್ಲ ದಾವಣಗೆರೆಯಿಂದ ಗೋಕರ್ಣಕ್ಕೆ ಹೋಗಿದ್ದೆವು. ಕಡಲ ದಂಡೆಯಲ್ಲಿ ಓಡಾಡಿದ ಮಕ್ಕಳ ಅಂಗಾಲಿಗೆ ಡಾಂಬರಿನಂಥ ಜಿಡ್ಡು ಅಂಟಿಕೊಂಡು, ಸೋಪು ಹಚ್ಚಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ಮಗ ಆಟಕ್ಕೆಂದು ತೋಡಿದ ಗುಂಡಿಯಲ್ಲಿ ಒಂದು ಗೇಣು ಕೆಳಗೆ ಕಪ್ಪು ಗೆರೆಯೂ ಕಂಡಿತು. ಸಮುದ್ರಕ್ಕೆ ಚೆಲ್ಲಿದ ಎಣ್ಣೆಯನ್ನು ಅಲೆಗಳೇ ತೊಳೆದುಬಿಡುವುದಿಲ್ಲವೇ? ಅದು ಮರಳಿನೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ, ಎಷ್ಟು ವರ್ಷ ಉಳಿಯುತ್ತದೆ?
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ (ಭೂವಿಜ್ಞಾನ ಅಧ್ಯಾಪಕರು, ಚಿತ್ರದುರ್ಗ): ನೀವು ಕಂಡ ಎರಡು ಕಪ್ಪುಗಳೂ ಒಂದೇ ವಸ್ತುವಾಗಿರಬೇಕೆಂದಿಲ್ಲ. ಅಂಗಾಲಿಗೆ ಅಂಟಿದ್ದು ಬಹುಶಃ ಡಾಂಬರು ಉಂಡೆ. ಕಡಲಿಗೆ ಬಿದ್ದ ಕಚ್ಚಾ ಎಣ್ಣೆಯ ಹಗುರ ಅಂಶ ಕೆಲವೇ ದಿನಗಳಲ್ಲಿ ಆವಿಯಾಗಿ ಹೋಗುತ್ತದೆ. ಉಳಿದ ಭಾರದ ಅಂಶ ಅಲೆಗಳ ಹೊಡೆತಕ್ಕೆ ಸಿಕ್ಕು, ನೀರನ್ನು ಒಳಗೆ ಎಳೆದುಕೊಂಡು ಮೊದಲಿನ ಗಾತ್ರದ ಮೂರು ನಾಲ್ಕು ಪಟ್ಟು ಉಬ್ಬಿ, ಕಡೆಗೆ ಒಡೆದು ಉಂಡೆಗಳಾಗುತ್ತದೆ. ನೈಋತ್ಯ ಮಾರುತದ ಗಾಳಿ ಬಲಗೊಳ್ಳುವ ತಿಂಗಳುಗಳಲ್ಲಿ ಇವು ಗೋವಾ ಮತ್ತು ಕರ್ನಾಟಕದ ದಂಡೆಗಳಿಗೆ ಬಂದು ಬೀಳುತ್ತವೆ. ಉಂಡೆಯ ಹೊರಮೈ ಒಣಗಿ ಗಟ್ಟಿಯಾಗಿದ್ದರೂ ಒಳಭಾಗ ಮೆತ್ತಗೇ ಇರುತ್ತದೆ. ತುಳಿದು ಒಡೆದಾಗ ಅಂಟುವುದು ಆ ಒಳಭಾಗ. ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಾಕಿದರೆ ಅದು ಹೋಗುತ್ತದೆ. ಸೀಮೆಎಣ್ಣೆ, ಪೆಟ್ರೋಲುಗಳನ್ನು ಮಕ್ಕಳ ಚರ್ಮಕ್ಕೆ ಹಚ್ಚಬಾರದು.

ಗುಂಡಿಯಲ್ಲಿ ಕಂಡ ಗೆರೆ ಖನಿಜ ಮರಳೂ ಆಗಿರಬಹುದು. ನಮ್ಮ ಕರಾವಳಿಯ ಮರಳಿನಲ್ಲಿ ಇಲ್ಮನೈಟ್, ಮ್ಯಾಗ್ನಟೈಟ್‌ನಂಥ ಭಾರದ ಕಪ್ಪು ಕಣಗಳಿವೆ. ಅಲೆ ಹಗುರವಾದ ಬಿಳಿ ಕಣಗಳನ್ನು ಎಳೆದೊಯ್ದು ಇವುಗಳನ್ನು ಪದರವಾಗಿ ಬಿಟ್ಟುಹೋಗುತ್ತದೆ. ಮುಂದಿನ ಸಲ ಒಂದು ಹಿಡಿ ಮರಳನ್ನು ಒಣಗಿಸಿ, ಕಾಗದದ ಮೇಲೆ ಹರಡಿ, ಅಡಿಯಲ್ಲಿ ಬಲವಾದ ಅಯಸ್ಕಾಂತವನ್ನು ಆಡಿಸಿ ನೋಡಿ. ಕಪ್ಪು ಕಣಗಳು ಅದರ ಹಿಂದೆ ಸರಿದಾಡಿದರೆ ಅದು ಖನಿಜ. ಕಾಗದದ ಮೇಲೆ ಜಿಡ್ಡಿನ ಕಲೆ ಉಳಿದರೆ ಎಣ್ಣೆಯೆಂದು ಶಂಕಿಸಬಹುದು. ಗುಂಡಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ಕಲಕಿ: ಎಣ್ಣೆಯ ಪೊರೆ ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಬ್ಯಾಕ್ಟೀರಿಯಗಳಿಂದಾದ ಪೊರೆ ಚೂರುಚೂರಾಗಿಯೇ ಉಳಿಯುತ್ತದೆ. ಇನ್ನು ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರು ಮೂರನೆಯ ಬಗೆಯದು. ಅದು ಆಮ್ಲಜನಕವಿಲ್ಲದೆಡೆ ಉಂಟಾಗುವ ಕಬ್ಬಿಣದ ಸಲ್ಫೈಡ್. ಅದು ಎಣ್ಣೆಯಲ್ಲವಾದರೂ, ಅಂಥ ಜಾಗಕ್ಕೆ ಎಣ್ಣೆ ಹೊಕ್ಕರೆ ಬಹುಕಾಲ ಉಳಿಯುತ್ತದೆ ಎಂಬ ಸೂಚನೆಯನ್ನಂತೂ ಕೊಡುತ್ತದೆ.

ಎಣ್ಣೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಮುಖ್ಯವಾಗಿ ಕಣಗಳ ಗಾತ್ರವನ್ನೂ ಎಣ್ಣೆ ಎಷ್ಟು ಮಂದವಾಗಿದೆ ಎಂಬುದನ್ನೂ ಅವಲಂಬಿಸಿದೆ. ನುಣುಪು ಮರಳಿನಲ್ಲಿ ಮಂದ ಎಣ್ಣೆ ಕೆಲವು ಸೆಂಟಿಮೀಟರ್ ಇಳಿದು ನಿಲ್ಲುತ್ತದೆ. ದಪ್ಪ ಮರಳಿನಲ್ಲಿ ಒಂದು ಗೇಣಿನಷ್ಟು ಹೋಗಬಹುದು. ಗುಂಡುಕಲ್ಲುಗಳ ದಡದಲ್ಲಿ ಇನ್ನೂ ಬಹಳ ಆಳಕ್ಕೆ ಹೋಗುತ್ತದೆ. ಉಬ್ಬರದಲ್ಲಿ ನೀರಿನ ಮೇಲೆ ತೇಲಿ ದಡದ ಮೇಲ್ಭಾಗಕ್ಕೆ ಬಂದ ಎಣ್ಣೆ, ಇಳಿತದಲ್ಲಿ ಮರಳಿನೊಳಗಿನ ನೀರು ಬಸಿದು ಹೋದಂತೆ ಖಾಲಿಯಾದ ಸಂದುಗಳಿಗೆ ಇಳಿಯುತ್ತದೆ. ಮುಂದಿನ ಉಬ್ಬರದಲ್ಲಿ ನೀರು ಮತ್ತೆ ಏರಿದರೂ, ಸಣ್ಣ ಸಂದುಗಳಲ್ಲಿ ಸಿಕ್ಕಿಕೊಂಡ ಎಣ್ಣೆ ಪೂರ್ತಿಯಾಗಿ ಮೇಲೆ ಬರುವುದಿಲ್ಲ.

ಇದರ ಮೇಲೆ ಹೂಳುವಿಕೆ ಬೇರೆ. ನಮ್ಮ ಕರಾವಳಿಯ ದಂಡೆಗಳು ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಅಲೆಗಳು ಮರಳನ್ನು ಕಿತ್ತು ಕಡಲಿನೊಳಕ್ಕೆ ಒಯ್ಯುತ್ತವೆ, ಆಮೇಲಿನ ತಿಂಗಳುಗಳ ಶಾಂತ ಅಲೆಗಳು ಅದನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತಂದು ಹಾಕುತ್ತವೆ. ಮಳೆಗಾಲದ ಕೊನೆಗೆ ದಡ ಸೇರಿದ ಎಣ್ಣೆಯ ಮೇಲೆ ಹೀಗೆ ಹೊಸ ಮರಳು ಕೂತರೆ, ಮೇಲ್ನೋಟಕ್ಕೆ ದಂಡೆ ಶುಭ್ರವಾಗಿ ಕಂಡರೂ ಒಳಗಿನ ಪದರ ಮುಂದಿನ ಮಳೆಗಾಲದವರೆಗೆ ಹಾಗೆಯೇ ಇರುತ್ತದೆ. ಅಲೆಗಳು ತೊಳೆಯುವುದಿಲ್ಲವೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿಷ್ಟೇ: ಅಲೆಗಳು ತೊಳೆಯುತ್ತವೆ, ಮುಚ್ಚಿಯೂ ಹಾಕುತ್ತವೆ.

ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ಹೆಚ್ಚಿನವರು ಚೆಲ್ಲಿದ ಪ್ರಮಾಣದಿಂದ ಅಳೆಯುತ್ತಾರೆ. ಅದಕ್ಕಿಂತ, ಎಣ್ಣೆ ಕೂತ ಜಾಗಕ್ಕೆ ಆಮ್ಲಜನಕ ತಲುಪುತ್ತದೆಯೇ ಎಂದು ಕೇಳುವುದು ಹೆಚ್ಚು ಸರಿ. ಎಣ್ಣೆಯನ್ನು ತಿಂದು ಬದುಕುವ ಬ್ಯಾಕ್ಟೀರಿಯಗಳು ಸಮುದ್ರದಲ್ಲಿ ಸಹಜವಾಗಿಯೇ ಇವೆ. ಅವು ವೇಗವಾಗಿ ಕೆಲಸ ಮಾಡಲು ಆಮ್ಲಜನಕ ಬೇಕು, ಜೊತೆಗೆ ನಮ್ಮ ರೈತರಿಗೆ ಪರಿಚಿತವಾದ ಸಾರಜನಕ, ರಂಜಕಗಳೂ ಬೇಕು. 1989ರ ಮಾರ್ಚ್ 24ರಂದು ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ತಗುಲಿ ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ಚೆಲ್ಲಿತು. ಮೊದಲ ವರ್ಷಗಳಲ್ಲಿ ದಡದ ಎಣ್ಣೆ ವರ್ಷಕ್ಕೆ ಶೇ 70ರ ಆಸುಪಾಸಿನಲ್ಲಿ ಕಡಿಮೆಯಾಗುತ್ತಿದ್ದುದರಿಂದ, ಉಳಿದದ್ದು ತಾನಾಗಿಯೇ ಹೋಗುತ್ತದೆಂದು ನಂಬಿ 1992ರಲ್ಲಿ ಶುಚಿ ಕಾರ್ಯವನ್ನು ನಿಲ್ಲಿಸಲಾಯಿತು. ಆದರೆ 2001ರ ನಂತರ ಆ ವೇಗ ವರ್ಷಕ್ಕೆ ಸುಮಾರು ಶೇ 4ಕ್ಕೆ ಕುಸಿದಿತ್ತು. ಅಲ್ಲಿನ ದಡಗಳಲ್ಲಿ ಮೇಲೆ ನೀರು ಸರಾಗವಾಗಿ ಹರಿಯುವ ಸಡಿಲ ಪದರ, ಕೆಳಗೆ ಬಿಗಿಯಾದ ಪದರ ಇದ್ದವು. ನೀರಿನ ಮಟ್ಟ ಕೆಳಗಿಳಿದಾಗಲೆಲ್ಲ ಎಣ್ಣೆ ಆ ಬಿಗಿ ಪದರಕ್ಕೆ ಸ್ವಲ್ಪ ಸ್ವಲ್ಪವಾಗಿ ಜಾರಿ, ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಆ ಜಾಗದಲ್ಲಿ ಉಳಿದುಬಿಟ್ಟಿತು.

ಕೆಸರಿನ ವಿಷಯ ಇನ್ನೂ ಕಷ್ಟದ್ದು. ಸದಾ ನೀರು ತುಂಬಿದ ಕೆಸರಿಗೆ ಎಣ್ಣೆ ಸುಲಭವಾಗಿ ಇಳಿಯುವುದಿಲ್ಲ ಎಂಬುದು ನಿಜವಾದರೂ, ಬೇಸಿಗೆಯಲ್ಲಿ ಬಿರಿದ ನಮ್ಮ ಎರೆ ಹೊಲದ ಬಿರುಕುಗಳಲ್ಲಿ ಮೊದಲ ಮಳೆಯ ನೀರು ನೇರವಾಗಿ ಒಳಗಿಳಿಯುವಂತೆ, ಏಡಿಯ ಬಿಲಗಳೂ ಬೇರು ಕೊಳೆತು ಉಳಿದ ತೂತುಗಳೂ ಅದಕ್ಕೆ ದಾರಿಯಾಗುತ್ತವೆ. 1969ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಫಾಲ್ಮತ್ ಬಳಿ ಒಂದು ದೋಣಿಯಿಂದ ಚೆಲ್ಲಿದ್ದು ಸುಮಾರು 7 ಲಕ್ಷ ಲೀಟರ್ ಇಂಧನ ತೈಲ ಮಾತ್ರ, ಅಲಾಸ್ಕದಲ್ಲಿ ಚೆಲ್ಲಿದ್ದರ ಸುಮಾರು ಅರವತ್ತನೇ ಒಂದು ಭಾಗ. ಆದರೂ ಮೂವತ್ತು ವರ್ಷಗಳ ನಂತರ ಅಲ್ಲಿನ ಜೌಗಿನ ಕೆಸರನ್ನು ಕೊಳವೆಯಿಂದ ತೆಗೆದು ನೋಡಿದಾಗ 6ರಿಂದ 28 ಸೆಂಟಿಮೀಟರ್ ಆಳದಲ್ಲಿ ಅದರ ಉಳಿಕೆ ಸಿಕ್ಕಿತು. ಅಲ್ಲಿನ ಏಡಿಗಳು ಬಿಲ ತೋಡುತ್ತಾ ಎಣ್ಣೆಯ ಪದರ ಸಿಕ್ಕಿದೊಡನೆ ಅಡ್ಡಕ್ಕೆ ತಿರುಗಿಬಿಡುತ್ತಿದ್ದುದೂ ದಾಖಲಾಗಿದೆ. ಈ ಕಾರಣಕ್ಕೇ, ಗೋಕರ್ಣದ ತೆರೆದ ಮರಳ ದಂಡೆಗಿಂತ ಅದರ ದಕ್ಷಿಣಕ್ಕಿರುವ ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬಗ್ಗೆ ನನಗೆ ಹೆಚ್ಚು ಆತಂಕವಿದೆ.

ಕಣ್ಣಿಗೆ ಕಾಣದಷ್ಟು ಸಣ್ಣ ಜೇಡಿ ಕಣಗಳು ಕೆಲವೊಮ್ಮೆ ಸಹಾಯಕ್ಕೂ ಬರುತ್ತವೆ. ಅವು ಎಣ್ಣೆಯ ಹನಿಗಳನ್ನು ಸುತ್ತುವರಿದು ಮತ್ತೆ ಒಂದಾಗದಂತೆ ತಡೆಯುವುದರಿಂದ ಅಲೆಗಳು ಅವನ್ನು ಚದುರಿಸಬಲ್ಲವು. ಮಲಿನವಾದ ಮರಳನ್ನು ಯಂತ್ರದಿಂದ ಅಲೆ ಒಡೆಯುವ ಭಾಗಕ್ಕೆ ತಳ್ಳಿ ಅಲ್ಲಿ ತೊಳೆಯಲು ಬಿಡುವ ಕ್ರಮಕ್ಕೆ ಇದೂ ಒಂದು ಆಧಾರ. ಶುಚಿ ಮಾಡುವ ಆತುರದಲ್ಲಿ ದಂಡೆಯ ಮರಳನ್ನೇ ಲಾರಿಗಳಲ್ಲಿ ತುಂಬಿ ಸಾಗಿಸುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಮರಳು ಕಳೆದುಕೊಂಡ ದಡವನ್ನು ಮುಂದಿನ ಮಳೆಗಾಲ ಇನ್ನಷ್ಟು ಕೊರೆಯುತ್ತದೆ. ಅಲಾಸ್ಕದಲ್ಲಿ ಬಿಸಿನೀರನ್ನು ರಭಸವಾಗಿ ಹಾಯಿಸಿದಾಗ ಎಣ್ಣೆಯೊಂದಿಗೆ ಕಲ್ಲುಗಳ ಮೇಲಿನ ಜೀವಿಗಳೂ ಸತ್ತವು. ಅಲ್ಲಿ ಗೊಬ್ಬರ ಸಿಂಪಡಿಸಿ ಬ್ಯಾಕ್ಟೀರಿಯಗಳನ್ನು ಹೆಚ್ಚಿಸುವ ಪ್ರಯತ್ನವೂ ನಡೆಯಿತು. ಗಾಳಿಯಾಡುವ ಪದರದಲ್ಲಿ ಆ ವಿಧಾನ ಫಲ ಕೊಡುತ್ತದೆ. ಉಸಿರುಗಟ್ಟಿದ ಕೆಸರಿನಲ್ಲಿ ಕೊರತೆಯಿರುವುದು ಆಮ್ಲಜನಕಕ್ಕಾದ್ದರಿಂದ, ಅಲ್ಲಿಗೆ ಬರಿಯ ಗೊಬ್ಬರ ಹಾಕಿ ಪ್ರಯೋಜನವಿಲ್ಲ.