ಇಲ್ಲಿ ಡಿಸಿ ಯಾರು? ಸ್ಯಾಂಟಾ ಕ್ಲಾರಾ ಕೌಂಟಿ ಬಗ್ಗೆ ನಿಮ್ಮ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿರುವ ಓದುಗರಿಂದ ಈ ಸಲ ರಾಶಿ ಪತ್ರ ಬಂದಿವೆ. ಸ್ಯಾನ್ ಹೊಸೆ, ಸನಿವೇಲ್, ಕ್ಯುಪರ್ಟಿನೊ, ಮಿಲ್ಪಿಟಾಸ್ ಎಲ್ಲ ಸೇರಿರುವ ಕೌಂಟಿ ಇದು. ಕೌಂಟಿ ಅಂದರೆ ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ. ಕೌಂಟಿ ಕಚೇರಿಯೊಂದರ ಕೌಂಟರ್ ಹಿಂದೆ ಬಹಳ ವರ್ಷ ಕೂತು ರಿಟೈರ್ ಆದವಳು ನಾನು. ಹಾಗಾಗಿ ಸಂಪಾದಕರು ಈ ಕಂತನ್ನು ನನ್ನ ತಲೆಗೇ ಕಟ್ಟಿದ್ದಾರೆ.

ಪ್ರಶ್ನೆ: ನಾನು ಹಾಸನ ಜಿಲ್ಲೆಯಲ್ಲಿ ತಹಶೀಲ್ದಾರನಾಗಿ ನಿವೃತ್ತನಾದವನು. ಈಗ ಸನಿವೇಲ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿ ಡಿಸಿ ಯಾರು ಎಂದು ಕೇಳಿದರೆ ಮಗ "ಹಾಗಂತ ಯಾರೂ ಇಲ್ಲಪ್ಪ" ಅನ್ನುತ್ತಾನೆ. ಮೇಲೆ ಒಬ್ಬರು ಇರಲೇಬೇಕಲ್ಲವೇ?

ಉತ್ತರ: ಸರ್, ಮಗ ಹೇಳಿದ್ದು ಸರಿಯೇ. ರಾಜ್ಯ ಸರ್ಕಾರ ಕಳಿಸಿಕೊಡುವ ಅಧಿಕಾರಿ ಇಲ್ಲಿಲ್ಲ. ಜನ ಆರಿಸಿದ ಐದು ಮಂದಿ ಇದ್ದಾರೆ, ಬೋರ್ಡ್ ಆಫ್ ಸೂಪರ್‌ವೈಸರ್ಸ್. ಕೌಂಟಿಯನ್ನು ಐದು ಭಾಗ ಮಾಡಿ ಒಂದೊಂದಕ್ಕೆ ಒಬ್ಬರು. 2020ರ ಜನಗಣತಿ ಪ್ರಕಾರ ಕೌಂಟಿಯಲ್ಲಿ 19 ಲಕ್ಷದ 36 ಸಾವಿರ ಜನ. ಅಂದರೆ ಒಬ್ಬ ಸೂಪರ್‌ವೈಸರ್ ಪಾಲಿಗೆ ನಾಲ್ಕು ಲಕ್ಷದ ಹತ್ತಿರ. ನಾಲ್ಕು ವರ್ಷದ ಅವಧಿ, ಸತತವಾಗಿ ಮೂರು ಸಲಕ್ಕಿಂತ ಜಾಸ್ತಿ ಇಲ್ಲ. ಕೌಂಟಿಯ ಕಾನೂನು ಮಾಡುವವರೂ ಇವರೇ, ಬಜೆಟ್ ಪಾಸು ಮಾಡುವವರೂ ಇವರೇ. ಆ ಬಜೆಟ್ಟು ಸಾವಿರ ಕೋಟಿ ಡಾಲರ್ ದಾಟಿದೆ. ರೂಪಾಯಿಗೆ ತಿರುಗಿಸಲು ಹೋಗಬೇಡಿ, ನಿದ್ದೆ ಬರುವುದಿಲ್ಲ.

ದಿನದ ಆಡಳಿತ ನೋಡಿಕೊಳ್ಳಲು ಈ ಐವರು ಕೌಂಟಿ ಎಕ್ಸಿಕ್ಯೂಟಿವ್ ಅಂತ ಒಬ್ಬರನ್ನು ನೇಮಿಸುತ್ತಾರೆ. ನಿಮಗೆ ಜಿಲ್ಲಾ ಪಂಚಾಯ್ತಿ ಸಿಇಒ ನೆನಪಾಗಬಹುದು. ಆದರೆ ಸಿಇಒ ವರ್ಗಾವಣೆ ಬೆಂಗಳೂರಿನಲ್ಲಿ ಆಗುತ್ತದೆ. ಇವರ ನೇಮಕ ಆಗುವುದು ಸ್ಯಾನ್ ಹೊಸೆಯ 70 ವೆಸ್ಟ್ ಹೆಡ್ಡಿಂಗ್ ಸ್ಟ್ರೀಟ್‌ನಲ್ಲಿ, ಇವರೂ ಬೋರ್ಡೂ ಕೂರುವ ಅದೇ ಕಟ್ಟಡದಲ್ಲಿ. (ಜಿಲ್ಲಾ ಪಂಚಾಯ್ತಿ ಮಾತು ಬಂತು ಅಂತ ಹೇಳಿದೆ. ಅಲ್ಲಿ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಅದನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ.)

ನಿಮಗೆ ಇನ್ನೂ ವಿಚಿತ್ರ ಅನ್ನಿಸುವ ಸಂಗತಿ ಬೇರೆ ಇದೆ. ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಷರೀಫ್, ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ಡಿಸ್ಟ್ರಿಕ್ಟ್ ಅಟಾರ್ನಿ, ಆಸ್ತಿಗೆ ಬೆಲೆ ಕಟ್ಟುವ ಅಸೆಸರ್, ಈ ಮೂವರನ್ನೂ ಜನ ನೇರವಾಗಿ ಆರಿಸುತ್ತಾರೆ. ಅವರ ಖರ್ಚಿಗೆ ದುಡ್ಡು ಕೊಡುವುದು ಬೋರ್ಡು. ಆದರೆ ಅವರು ಬೋರ್ಡಿನ ಕೈಕೆಳಗಿನವರಲ್ಲ. ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಲಾರಿ ಸ್ಮಿತ್ ಪ್ರಕರಣ ನೋಡಿ. 1998ರ ಚುನಾವಣೆಯಿಂದ ಆಕೆಯೇ ಷರೀಫ್. ಬಂದೂಕು ಬಚ್ಚಿಟ್ಟುಕೊಂಡು ಓಡಾಡುವ ಪರ್ಮಿಟ್ಟುಗಳು ಚುನಾವಣೆಗೆ ನೆರವಾದವರಿಗೆ ಸಿಗುತ್ತಿವೆ ಎಂಬ ದೂರು ಎದ್ದಿತು. 2021ರ ಆಗಸ್ಟ್‌ನಲ್ಲಿ ಬೋರ್ಡು ಅವಿಶ್ವಾಸ ಸೂಚಿಸಿತು. ಆದರೂ ಆಕೆಯನ್ನು ಕುರ್ಚಿಯಿಂದ ಇಳಿಸಲು ಆಗಲಿಲ್ಲ. ಕೊನೆಗೆ ಕೈ ಹಾಕಿದ್ದು ಸಿವಿಲ್ ಗ್ರ್ಯಾಂಡ್ ಜ್ಯೂರಿ. ಕೌಂಟಿಯಲ್ಲಿ ವಾಸವಾಗಿರುವ 19 ಸಾಮಾನ್ಯ ಜನರ ಗುಂಪು ಅದು. ಅವರು ಆರೋಪಪಟ್ಟಿ ಕೊಟ್ಟರು, ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ತೀರ್ಪು ಕೊಡಬೇಕಿದ್ದ ಕೋರ್ಟಿನ ಜ್ಯೂರಿ (ಇದು ಬೇರೆ ನಾಗರಿಕರ ತಂಡ) ಇನ್ನೂ ಚರ್ಚಿಸುತ್ತಿರುವಾಗಲೇ, 2022ರ ಅಕ್ಟೋಬರ್ 31ಕ್ಕೆ ಆಕೆ ರಾಜೀನಾಮೆ ಕೊಟ್ಟರು. ಮೂರು ದಿನದಲ್ಲಿ ತಪ್ಪಿತಸ್ಥೆ ಎಂಬ ತೀರ್ಪು ಬಂತು. ನಿಧಾನದ ದಾರಿ, ಒಪ್ಪಿದೆ. ಆದರೆ ಆ 19 ಜನರಲ್ಲಿ ಒಬ್ಬರು ನಿಮ್ಮ ಪಕ್ಕದ ಮನೆಯವರೂ ಆಗಿರಬಹುದಿತ್ತು. ಅದು ನನಗೆ ಇಷ್ಟ.

ಪ್ರಶ್ನೆ: ಲಾರೆನ್ಸ್ ಎಕ್ಸ್‌ಪ್ರೆಸ್‌ವೇ ಸಿಗ್ನಲ್ ಬಗ್ಗೆ ಸಿಟಿಗೆ ಫೋನ್ ಮಾಡಿದರೆ "ನಮ್ಮದಲ್ಲ" ಅಂದರು. ಕ್ಯುಪರ್ಟಿನೊದಲ್ಲಿ ಪೊಲೀಸ್ ಕಾರಿನ ಮೇಲೆಲ್ಲ ಷರೀಫ್ ಅಂತ ಬರೆದಿರುತ್ತೆ. ಯಾವುದು ಯಾರದು ಮೇಡಂ?

ಉತ್ತರ: ಅವರು ಸುಮ್ನೆ ತಳ್ಳಿಹಾಕಿದ್ದಲ್ಲ, ನಿಜವಾಗಿಯೂ ಅವರದಲ್ಲ. ಈ ಕೌಂಟಿಯಲ್ಲಿ ಎಂಟು ಎಕ್ಸ್‌ಪ್ರೆಸ್‌ವೇಗಳು ಕೌಂಟಿಯ ಕೈಯಲ್ಲಿವೆ: ಲಾರೆನ್ಸ್, ಸ್ಯಾನ್ ಟೋಮಾಸ್, ಸೆಂಟ್ರಲ್, ಮಾಂಟೆಗ್ಯೂ, ಫುಟ್‌ಹಿಲ್, ಆಲ್ಮಡೆನ್, ಕ್ಯಾಪಿಟಲ್, ಆರೆಗಾನ್–ಪೇಜ್ ಮಿಲ್. ಲಾರೆನ್ಸ್ ಮೇಲೆ ಕೆಂಪು ದೀಪ ಜಾಸ್ತಿ ಹೊತ್ತು ನಿಂತರೆ ಕೌಂಟಿಯ ರಸ್ತೆ ವಿಭಾಗಕ್ಕೆ ಹೇಳಿ. ಬಲಕ್ಕೆ ತಿರುಗಿ ಊರೊಳಗಿನ ರಸ್ತೆಗೆ ಇಳಿದ ಮೇಲೆ ಗುಂಡಿ ಸಿಕ್ಕರೆ ಸಿಟಿಗೆ ಹೇಳಿ. ಫ್ರೀವೇ ಆದರೆ ರಾಜ್ಯದ್ದು.

ಕ್ಯುಪರ್ಟಿನೊ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್, ಈ ಮೂರು ಊರುಗಳು ಸ್ವಂತ ಪೊಲೀಸ್ ಇಲಾಖೆ ಇಟ್ಟುಕೊಂಡಿಲ್ಲ. ಕೌಂಟಿಗೆ ದುಡ್ಡು ಕೊಟ್ಟು ಷರೀಫ್ ಸೇವೆ ಪಡೆಯುತ್ತವೆ. ಯಾವ ಸಿಟಿಗೂ ಸೇರದ ಜಾಗಗಳಲ್ಲಿ ಸಿಟಿಯ ಕೆಲಸವನ್ನೂ ಕೌಂಟಿಯೇ ಮಾಡಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಪಸ್ ಬಹುಪಾಲು ಇಂಥದೇ ಜಾಗ. ಅದಕ್ಕೇ ಸ್ಟ್ಯಾನ್‌ಫರ್ಡ್ ಹೊಸ ಹಾಸ್ಟೆಲ್ ಕಟ್ಟಬೇಕೆಂದರೆ ಅನುಮತಿಗೆ ಪಾಲೊ ಆಲ್ಟೊ ಸಿಟಿಗೆ ಹೋಗುವುದಿಲ್ಲ, ಹೆಡ್ಡಿಂಗ್ ಸ್ಟ್ರೀಟಿಗೆ ಬರುತ್ತದೆ.

ಪ್ರಶ್ನೆ: 2025ರಲ್ಲಿ 18 ಲಕ್ಷ ಡಾಲರ್ ಕೊಟ್ಟು ಮನೆ ತಗೊಂಡೆವು. ಪಕ್ಕದ ಮನೆಯೂ ಅಷ್ಟೇ ದೊಡ್ಡದು, ಅವರು 1985ರಿಂದ ಇದ್ದಾರೆ. ಅವರ ಪ್ರಾಪರ್ಟಿ ಟ್ಯಾಕ್ಸ್ ನಮ್ಮದರ ಕಾಲು ಭಾಗವೂ ಇಲ್ಲ! ಸಾಲದ್ದಕ್ಕೆ ನಮಗೆ ಎರಡನೇ ಬಿಲ್ ಬೇರೆ ಬಂದಿದೆ. ಕೌಂಟಿಯಲ್ಲಿ ಯಾರಾದರೂ ತಪ್ಪು ಮಾಡಿದ್ದಾರಾ?

ಉತ್ತರ: ಇಲ್ಲ ತಂಗಿ, ಲೆಕ್ಕ ಸರಿಯಾಗಿಯೇ ಇದೆ. ನ್ಯಾಯವಾಗಿದೆಯೇ ಅನ್ನುವುದು ಬೇರೆ ಮಾತು.

1978ರಲ್ಲಿ ಕ್ಯಾಲಿಫೋರ್ನಿಯಾದ ಜನ ಪ್ರಾಪೊಸಿಷನ್ 13 ಅಂತ ಒಂದು ಕಾನೂನಿಗೆ ಓಟು ಹಾಕಿದರು. ಮೂಲ ತೆರಿಗೆ ಮನೆ ಬೆಲೆಯ ಶೇ. 1. ಆ ಬೆಲೆ ಅಂದರೆ ನೀವು ಕೊಂಡ ದಿನದ ಬೆಲೆ. ಆಮೇಲೆ ಮಾರ್ಕೆಟ್ಟು ಎಷ್ಟೇ ಹಾರಲಿ, ತೆರಿಗೆಯ ಲೆಕ್ಕದಲ್ಲಿ ಅದು ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ. ನಿಮ್ಮ ಪಕ್ಕದವರು ಒಂದೂವರೆ ಲಕ್ಷಕ್ಕೆ ತಗೊಂಡಿದ್ದರು ಅಂದುಕೊಳ್ಳಿ. ನಲವತ್ತು ವರ್ಷ ಶೇ. 2ರಂತೆ ಏರಿಸಿದರೂ 3 ಲಕ್ಷದ 31 ಸಾವಿರ ಆಗುತ್ತದೆ, ಮೂಲ ತೆರಿಗೆ 3,300 ಡಾಲರ್ ಸುಮಾರು. ನಿಮ್ಮದು 18,000. ಇದರ ಮೇಲೆ ಶಾಲೆ ಬಾಂಡು (ಶಾಲೆಗಾಗಿ ಎತ್ತಿದ ಸಾಲ ತೀರಿಸುವ ತೆರಿಗೆ), ಅದು ಇದು ಸೇರುತ್ತದೆ. ಅಂದರೆ ನೀವು ಐದು ಪಟ್ಟು ಕೊಟ್ಟು ಅದೇ ಬೀದಿಯಲ್ಲಿ, ಅದೇ ಶಾಲೆಗೆ ಮಕ್ಕಳನ್ನು ಕಳಿಸುತ್ತೀರಿ. ಹೊಟ್ಟೆ ಉರಿಯುತ್ತೆ, ಅಲ್ವಾ? ಇಪ್ಪತ್ತು ವರ್ಷ ಅಲ್ಲೇ ಇರಿ. ಹೊಸದಾಗಿ ಬಂದ ಪಕ್ಕದವರು ನಿಮ್ಮನ್ನು ನೋಡಿ ಹೀಗೇ ಪತ್ರ ಬರೆಯುತ್ತಾರೆ.

ಎರಡನೇ ಬಿಲ್ಲಿಗೆ ಸಪ್ಲಿಮೆಂಟಲ್ ಬಿಲ್ ಅನ್ನುತ್ತಾರೆ. ಹಳೆ ಮಾಲೀಕರ ಲೆಕ್ಕದ ಬೆಲೆಗೂ ನಿಮ್ಮ ಬೆಲೆಗೂ ಇರುವ ವ್ಯತ್ಯಾಸದ ತೆರಿಗೆ ಅದು. ಸಾಮಾನ್ಯವಾಗಿ ಇದು ಲೋನ್ ಕೊಟ್ಟ ಬ್ಯಾಂಕಿಗೆ ಹೋಗುವುದಿಲ್ಲ, ನಿಮಗೇ ಬರುತ್ತದೆ. "ಟ್ಯಾಕ್ಸ್ ಎಲ್ಲ ಬ್ಯಾಂಕು ಕಟ್ಟುತ್ತೆ" ಅಂತ ಇದನ್ನು ಡ್ರಾಯರಿಗೆ ಹಾಕಿ ಮರೆಯುವವರೇ ಜಾಸ್ತಿ.

ವರ್ಷದ ಬಿಲ್ಲಿಗೆ ಎರಡು ಕಂತು. ಮೊದಲನೆಯದಕ್ಕೆ ಡಿಸೆಂಬರ್ 10, ಎರಡನೆಯದಕ್ಕೆ ಏಪ್ರಿಲ್ 10 ಕೊನೆ. ದಾಟಿದರೆ ಶೇ. 10 ದಂಡ. ಬಿಲ್ ಕೈಗೆ ಬರಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಬೆಲೆ ಕಟ್ಟುವುದು ಅಸೆಸರ್, ವಸೂಲಿ ಮಾಡುವುದು ಬೇರೆ ಇಲಾಖೆ. ಬೆಲೆ ಜಾಸ್ತಿ ಹಾಕಿದ್ದಾರೆ ಅನ್ನಿಸಿದರೆ ವಸೂಲಿ ಕಿಟಕಿಯಲ್ಲಿ ಜಗಳಕ್ಕೆ ನಿಲ್ಲಬೇಡಿ. ವರ್ಷದ ಬೆಲೆಯ ಮೇಲೆ ಅಪೀಲು ಹಾಕಲು ಈ ಕೌಂಟಿಯಲ್ಲಿ ಜುಲೈ 2ರಿಂದ ಸೆಪ್ಟೆಂಬರ್ 15ರವರೆಗೆ ಸಮಯ ಇದೆ.

ಇನ್ನೊಂದು ವಿಷಯ. ಮನೆ ಕೊಂಡ ಕೆಲವೇ ವಾರಕ್ಕೆ, ಸರ್ಕಾರಿ ಕಾಗದದ ಹಾಗೇ ಕಾಣುವ ಪತ್ರ ಬರಬಹುದು: "ನಿಮ್ಮ ಡೀಡ್ (ಕ್ರಯಪತ್ರ) ಕಾಪಿಗೆ ನೂರು ಡಾಲರ್ ಕಳಿಸಿ" ಅಂತ. ಕಸದ ಬುಟ್ಟಿಗೆ ಹಾಕಿ. ಅದೇ ಕಾಪಿ ಕಾಗದಪತ್ರ ದಾಖಲಿಸುವ ಕೌಂಟಿಯ ಕ್ಲರ್ಕ್-ರೆಕಾರ್ಡರ್ ಕಚೇರಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ.

ಪ್ರಶ್ನೆ: ಮಗಳು ಅಳಿಯ ಆಗುವವರು ಇಬ್ಬರೂ ಮಿಲ್ಪಿಟಾಸ್‌ನಲ್ಲಿದ್ದಾರೆ. ಮದುವೆ ಲಿವರ್‌ಮೋರ್ ದೇವಸ್ಥಾನದಲ್ಲಿ. ಅದು ಬೇರೆ ಕೌಂಟಿಯಂತೆ. ಲೈಸೆನ್ಸ್ ಎಲ್ಲಿ ತೆಗೆಸಬೇಕು?

ಉತ್ತರ: ಹೌದಮ್ಮ, ಲಿವರ್‌ಮೋರ್ ಇರುವುದು ಆಲಮೀಡ ಕೌಂಟಿಯಲ್ಲಿ. ಆದರೆ ಕ್ಯಾಲಿಫೋರ್ನಿಯಾದ ಯಾವ ಕೌಂಟಿಯಲ್ಲಿ ಲೈಸೆನ್ಸ್ ತೆಗೆಸಿದರೂ ರಾಜ್ಯದೊಳಗೆ ಎಲ್ಲಿ ಬೇಕಾದರೂ ಮದುವೆ ಮಾಡಬಹುದು. ಹುಡುಗ ಹುಡುಗಿ ಇಬ್ಬರೂ ಫೋಟೋ ಐಡಿ ಹಿಡಿದು ಒಟ್ಟಿಗೇ ಹೋಗಲಿ. ಕೊಟ್ಟ ದಿನದಿಂದ 90 ದಿನದೊಳಗೆ ಮದುವೆ ಆಗಬೇಕು. ಆಷಾಢ ಅಡ್ಡ ಬರುತ್ತದಾ ನೋಡಿಕೊಂಡು ತೆಗೆಸಿ.

ಪಬ್ಲಿಕ್, ಕಾನ್ಫಿಡೆನ್ಷಿಯಲ್ ಅಂತ ಎರಡು ತರಹದ ಲೈಸೆನ್ಸ್ ಇವೆ. ಪಬ್ಲಿಕ್ ತಗೊಳ್ಳಿ. ಅದಕ್ಕೆ ಒಬ್ಬ ಸಾಕ್ಷಿಯಾದರೂ ಸಹಿ ಮಾಡಬೇಕು. ಸೋದರಮಾವನಿಗೆ ಮೊದಲೇ ಹೇಳಿಡಿ. ಮದುವೆ ನಂತರದ ಹೆಸರನ್ನು ಲೈಸೆನ್ಸ್ ತೆಗೆಸುವಾಗಲೇ ತೀರ್ಮಾನಿಸಿರಬೇಕು. ಸಪ್ತಪದಿ ಮುಗಿದ ಮೇಲೆ ಪುರೋಹಿತರು ಸಹಿ ಹಾಕಿ, ಲೈಸೆನ್ಸ್ ಕೊಟ್ಟ ಕೌಂಟಿಯ ರೆಕಾರ್ಡರಿಗೇ 10 ದಿನದೊಳಗೆ ವಾಪಸ್ ಕಳಿಸಬೇಕು. ಲಿವರ್‌ಮೋರ್‌ನಲ್ಲಿ ಮದುವೆಯಾಯಿತು ಅಂತ ಆಲಮೀಡಕ್ಕೆ ಅಲ್ಲ. ಕಾಗದವನ್ನು ದಯವಿಟ್ಟು ಪೂಜೆ ತಟ್ಟೆಯಲ್ಲಿ ಇಡಬೇಡಿ. ಹೊಡೆದು ತಿದ್ದಿದ, ವೈಟ್‌ನರ್ ಹಚ್ಚಿದ ಲೈಸೆನ್ಸನ್ನು ಅವರು ತೆಗೆದುಕೊಳ್ಳುವುದಿಲ್ಲ. ಅರಿಶಿನದ ಬೆರಳಚ್ಚು ಬಿದ್ದ ಕಡೆ ವೈಟ್‌ನರ್ ಹಚ್ಚಿ ತಂದವರನ್ನು ಕಂಡಿದ್ದೇನೆ.

ಸರ್ಟಿಫಿಕೇಟ್ ತಾನಾಗಿ ಮನೆಗೆ ಬರುವುದಿಲ್ಲ, ರೆಕಾರ್ಡರಿಗೆ ಫೀಸು ಕಟ್ಟಿ ತರಿಸಬೇಕು. ಭಾರತದಲ್ಲಿ ತೋರಿಸಬೇಕಿದ್ದರೆ ಅದರ ಮೇಲೆ ಅಪಾಸ್ಟಿಲ್ (ಬೇರೆ ದೇಶದಲ್ಲಿ ತೋರಿಸಲು ಬೇಕಾದ ದೃಢೀಕರಣ) ಬೇಕಾಗುತ್ತದೆ. ಅದನ್ನು ಕೊಡುವುದು ಕೌಂಟಿಯಲ್ಲ, ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್.

ಪ್ರಶ್ನೆ: ಸೇಲ್ಸ್ ಟ್ಯಾಕ್ಸ್ ಮತ್ತೆ ಏರಿಸಿದ್ದಾರೆ. ನಾವು ಕೌಂಟಿಯಿಂದ ಏನೂ ತಗೊಳ್ಳುವುದಿಲ್ಲ. ಯಾಕೆ ಕೊಡಬೇಕು?

ಉತ್ತರ: 2025ರ ನವೆಂಬರ್‌ನಲ್ಲಿ ಮೆಷರ್ ಎ ಅಂತ ಓಟಿಗೆ ಹಾಕಿದ್ದು ಇದೇ. ಜನ ಒಪ್ಪಿದರು. ನಾನೂ ಹೌದು ಅಂತಲೇ ಗುರುತು ಹಾಕಿದೆ. ನೂರು ಡಾಲರ್ ಸಾಮಾನಿಗೆ ಅರವತ್ತೆರಡೂವರೆ ಸೆಂಟ್ ಜಾಸ್ತಿ, ಐದು ವರ್ಷದ ಮಟ್ಟಿಗೆ. ಅಕ್ಕಿ, ಬೇಳೆ, ತರಕಾರಿಗೆ ಸೇಲ್ಸ್ ಟ್ಯಾಕ್ಸೇ ಇಲ್ಲ. ಹೊಸ ಕುಕ್ಕರಿಗೆ ಇದೆ.

ಇದು ಯಾಕೆ ಬೇಕಾಯಿತು ಅಂದರೆ, ಬಡವರ ವೈದ್ಯಕೀಯ ಖರ್ಚಿಗೆ ಫೆಡರಲ್ ಸರ್ಕಾರ ಕೊಡುತ್ತಿದ್ದ ಹಣಕ್ಕೆ 2025ರಲ್ಲಿ ಕತ್ತರಿ ಬಿತ್ತು. ಈ ಕೌಂಟಿಗೆ ನಾಲ್ಕು ಆಸ್ಪತ್ರೆ ಇವೆ. ಹಳೆಯದು ವ್ಯಾಲಿ ಮೆಡಿಕಲ್ ಸೆಂಟರ್. ಓಕಾನರ್ ಮತ್ತು ಸೇಂಟ್ ಲೂಯಿಸ್ ನಡೆಸುತ್ತಿದ್ದವರು ದಿವಾಳಿಯಾದಾಗ 2019ರಲ್ಲಿ ಕೌಂಟಿ ಅವೆರಡನ್ನೂ ಕೊಂಡಿತು. 2025ರಲ್ಲಿ ಸ್ಯಾನ್ ಹೊಸೆ ಪೂರ್ವ ಭಾಗದ ರೀಜನಲ್ ಮೆಡಿಕಲ್ ಸೆಂಟರನ್ನೂ ಕೊಂಡಿತು. ಕೌಂಟಿಯ ಹಣದಲ್ಲಿ ದೊಡ್ಡ ಪಾಲು ಹೋಗುವುದು ಇಲ್ಲಿಗೆ. ಜೈಲು, ದಿಕ್ಕಿಲ್ಲದ ಮಕ್ಕಳು, ಒಂಟಿ ವೃದ್ಧರು, ಊಟದ ನೆರವು, ಇವೂ ಕೌಂಟಿಯ ಪಾಲಿಗೇ ಬರುತ್ತವೆ.

ಏನೂ ತಗೊಳ್ಳುವುದಿಲ್ಲ ಅಂದಿರಲ್ಲ. 2020ರ ಮಾರ್ಚ್ 16ರಂದು "ಮನೆಯಲ್ಲೇ ಇರಿ" ಅಂತ ಆದೇಶ ಹೊರಡಿಸಿದ್ದು ಈ ಕೌಂಟಿಯ ಆಗಿನ ಹೆಲ್ತ್ ಆಫೀಸರ್ ಡಾ. ಸಾರಾ ಕೋಡಿ, ಸುತ್ತಲಿನ ಐದು ಕೌಂಟಿಗಳ ಜೊತೆ ಸೇರಿ. ಇಡೀ ಅಮೆರಿಕದಲ್ಲಿ ಅಂಥ ಮೊದಲ ಆದೇಶ. ಆವತ್ತು ನೀವೂ ಲ್ಯಾಪ್‌ಟಾಪ್ ಮನೆಗೆ ತಂದಿರಿ, ಅಲ್ವಾ? ರೆಸ್ಟೋರೆಂಟ್ ಅಡುಗೆಮನೆ ತಪಾಸಣೆ ಮಾಡಿ ಬಾಗಿಲಿಗೆ ಹಸಿರು, ಹಳದಿ, ಕೆಂಪು ಕಾರ್ಡ್ ಅಂಟಿಸುವವರೂ ಕೌಂಟಿಯವರೇ. ಮುಂದಿನ ಸಲ ದೋಸೆಗೆ ಹೋದಾಗ ನೋಡಿ.

ಪ್ರಶ್ನೆ: ನಮ್ಮ ಹತ್ತಿರ ಗ್ರೀನ್ ಕಾರ್ಡ್ ಮಾತ್ರ ಇದೆ, ಓಟಿಲ್ಲ. ಲೈಬ್ರರಿಯಲ್ಲಿ ಕನ್ನಡ ಪುಸ್ತಕ ಬೇಕು ಅಂತ ಯಾರನ್ನು ಕೇಳಬೇಕು?

ಉತ್ತರ: ಓಟಿಗೆ ಪೌರತ್ವ ಬೇಕು, ಮಾತಾಡುವುದಕ್ಕೆ ಬೇಡ. ಬೋರ್ಡ್ ಸಭೆ ಮಂಗಳವಾರಗಳಲ್ಲಿ ನಡೆಯುತ್ತದೆ. ಅಜೆಂಡಾವನ್ನು 72 ಗಂಟೆ ಮುಂಚೆ ಹಾಕಲೇಬೇಕು ಅಂತ ರಾಜ್ಯದ ಕಾನೂನಿದೆ. ಯಾರು ಬೇಕಾದರೂ ಹೋಗಿ ಒಂದೆರಡು ನಿಮಿಷ ಮಾತಾಡಬಹುದು. ನಮ್ಮವರು ನಮಸ್ಕಾರ, ಪರಿಚಯ, ಧನ್ಯವಾದದಲ್ಲೇ ಸಮಯ ಕಳೆದುಬಿಡುತ್ತಾರೆ. ಏನು ಬೇಕೋ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ.

ಆದರೆ ಪುಸ್ತಕಕ್ಕೆ ಅಲ್ಲಿಗೆ ಹೋಗಬೇಕಿಲ್ಲ. ಕ್ಯುಪರ್ಟಿನೊ, ಮಿಲ್ಪಿಟಾಸ್, ಸಾರಟೋಗ ಲೈಬ್ರರಿಗಳು ಕೌಂಟಿ ಲೈಬ್ರರಿ ಡಿಸ್ಟ್ರಿಕ್ಟಿನವು. ಅದಕ್ಕೆ ಬೇರೆಯದೇ ಬೋರ್ಡು ಇದೆ, ಆಯಾ ಊರಿನ ಕೌನ್ಸಿಲ್‌ನವರೂ ಅದರಲ್ಲಿರುತ್ತಾರೆ. ಸ್ಯಾನ್ ಹೊಸೆ, ಸನಿವೇಲ್ ಲೈಬ್ರರಿಗಳು ಆಯಾ ಸಿಟಿಯವು. ಕಾರ್ಡ್ ಇದ್ದರೆ ಬೇಕಾದ ಪುಸ್ತಕ ತರಿಸಿ ಅಂತ ಸೂಚಿಸಬಹುದು. ಹೆಸರಿನ ಜೊತೆ ಐಎಸ್‌ಬಿಎನ್ ನಂಬರ್ ಕೊಡಿ. ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ತರಹ ಬರೆಯುತ್ತಾರೆ, ನಂಬರ್ ಇಲ್ಲದಿದ್ದರೆ ಹುಡುಕುವವರಿಗೆ ಸಿಗುವುದಿಲ್ಲ.