ಫಲಿತಾಂಶ ಮೊದಲೇ ನಿಶ್ಚಯವಾದ ಕುಸ್ತಿಗೆ ವಿಮರ್ಶೆ ಏಕೆ?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಪ್ರಶ್ನೆ: ನಾನು ಪದವಿ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಟಿವಿಯಲ್ಲಿ ಬರುವ, ಅಮೆರಿಕದ ಡಬ್ಲ್ಯೂಡಬ್ಲ್ಯೂಇ ಕಂಪನಿಯ ಕುಸ್ತಿಯ ದೊಡ್ಡ ಪ್ರದರ್ಶನ ಮುಗಿದಾಗಲೆಲ್ಲ ಅದರ ಒಂದೊಂದು ಪಂದ್ಯದ ವಿಮರ್ಶೆ ಬರೆದು ಕಾಲೇಜಿನ ಗೋಡೆ ಪತ್ರಿಕೆಗೆ ಹಾಕುತ್ತೇನೆ. ‘ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟ ಆಟಕ್ಕೆ ವಿಮರ್ಶೆ ಎಂಥದು’ ಎಂದು ನಮ್ಮ ಕಾಕಾ ಕೇಳುತ್ತಾರೆ. ಅವರಿಗೆ ಏನು ಹೇಳಲಿ? ಇಂಥ ಪಂದ್ಯವನ್ನು ಯಾವ ಆಧಾರದ ಮೇಲೆ ಅಳೆಯಬೇಕು?
— ವಿದ್ಯಾರ್ಥಿ, ಗದಗ-ಬೆಟಗೇರಿ

ಉತ್ತರ: ನಿಮ್ಮ ಕಾಕಾ ಹೇಳುವುದರಲ್ಲಿ ಮೊದಲ ಅರ್ಧ ಪೂರ್ತಿ ನಿಜ. ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಆ ಕಂಪನಿಯೇ 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡಿದೆ. ಕ್ರೀಡೆಗೆ ಅನ್ವಯಿಸುವ ನಿಯಂತ್ರಣದಿಂದ ಬಿಡಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಆದರೆ ಮುಕ್ತಾಯ ಗೊತ್ತಿರುವುದನ್ನು ವಿಮರ್ಶಿಸಲು ಬರುವುದಿಲ್ಲ ಎಂಬ ಉಳಿದರ್ಧವನ್ನು ನಮ್ಮ ಸೀಮೆಯವರು ಒಪ್ಪುವುದು ಕಷ್ಟ. ದೊಡ್ಡಾಟ ನೋಡಲು ಚಾಪೆ ಹಾಸಿಕೊಂಡು ಕೂತವರಲ್ಲಿ, ಭೀಮನು ದುರ್ಯೋಧನನ ತೊಡೆ ಮುರಿಯುತ್ತಾನೆಂಬುದು ತಿಳಿಯದವರು ಒಬ್ಬರೂ ಇರುವುದಿಲ್ಲ. ಹಾಗಿದ್ದೂ ಅವರು ಬೆಳಗಿನ ಜಾವದವರೆಗೆ ಏಳುವುದಿಲ್ಲ. ಮರುದಿನ ಚಹಾದಂಗಡಿಯ ಮುಂದೆ ನಿಂತು, ದುರ್ಯೋಧನನ ಕುಣಿತದಲ್ಲಿ ಬಿಗಿ ಇತ್ತು, ಭೀಮನ ಮಾತಿಗೆ ಸಿಟ್ಟು ಸಾಲಲಿಲ್ಲ, ಹಿಮ್ಮೇಳ ನಡುವೆ ಎಳೆದಾಡಿತು ಎಂದು ಮಾತನಾಡುತ್ತಾರೆ. ಅದು ವಿಮರ್ಶೆಯೇ. ಅವರು ಅಳೆಯುತ್ತಿರುವುದು ಗೆಲುವನ್ನಲ್ಲ, ಗೆಲುವಿನ ತನಕ ನಡೆದು ಬಂದ ದಾರಿಯನ್ನು.

ಆದ್ದರಿಂದ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಈ ಫಲಿತಾಂಶ ಪಂದ್ಯದ ಒಳಗಿನಿಂದ ಹುಟ್ಟಿತೋ, ಹೊರಗಿನಿಂದ ತಂದು ಅಂಟಿಸಿದಂತಿದೆಯೋ? ಇದಕ್ಕೆ 1997ರ ಮಾರ್ಚ್ 23ರಂದು ಷಿಕಾಗೋ ಸಮೀಪದ ರೋಸ್‌ಮಾಂಟ್‌ನಲ್ಲಿ ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್ ನಡುವೆ ನಡೆದ ಪಂದ್ಯಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಎದುರಾಳಿಯು ತಾನಾಗಿ ಸೋಲೊಪ್ಪಿಕೊಂಡರೆ ಮಾತ್ರ ಗೆಲುವು ಎಂಬುದು ಅಂದಿನ ನಿಯಮ. ರಿಂಗ್‌ಗೆ ಬರುವಾಗ ಕಥೆಯ ಲೆಕ್ಕದಲ್ಲಿ ಬ್ರೆಟ್ ಒಳ್ಳೆಯವನು, ಆಸ್ಟಿನ್ ಕೆಟ್ಟವನು. ಕೊನೆಗೆ ಬ್ರೆಟ್ ಅವನ ಎರಡೂ ಕಾಲುಗಳನ್ನು ಹೆಣೆದು, ಬೋರಲು ಕೆಡವಿ, ಬೆನ್ನ ಮೇಲೆ ಕೂತು ಹಿಂದಕ್ಕೆ ಎಳೆದಾಗ, ಹಣೆಯಿಂದ ಇಳಿದ ರಕ್ತ ಆಸ್ಟಿನ್‌ನ ಬಿಗಿದ ಹಲ್ಲುಗಳ ನಡುವೆ ಹರಿಯುತ್ತಿರುವುದನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ. ಅವನು ಸೋತೆ ಎನ್ನುವುದಿಲ್ಲ. ಎಚ್ಚರ ತಪ್ಪುತ್ತಾನೆ, ರೆಫರಿ ಪಂದ್ಯ ನಿಲ್ಲಿಸುತ್ತಾರೆ. ಗೆದ್ದ ಮೇಲೂ ಬ್ರೆಟ್ ಬಿದ್ದವನನ್ನು ಹೊಡೆಯಲು ಹೋದಾಗ ಸಭಾಂಗಣ ಅವನತ್ತ ಛೀಮಾರಿ ಹಾಕುತ್ತದೆ; ಯಾರ ಆಸರೆಯನ್ನೂ ಒಲ್ಲೆನೆಂದು ಕುಂಟುತ್ತ ಹೊರನಡೆದ ಆಸ್ಟಿನ್‌ನ ಹೆಸರನ್ನು ಅದೇ ಜನ ಕೂಗುತ್ತಾರೆ. ಒಂದೇ ಪಂದ್ಯದಲ್ಲಿ ಗೆದ್ದವನು ಖಳನಾದ, ಸೋತವನು ನಾಯಕನಾದ. ಇದನ್ನು ‘ಬ್ರೆಟ್ ಗೆದ್ದ, ಪಂದ್ಯ ಚೆನ್ನಾಗಿತ್ತು’ ಎಂದು ಎರಡು ಮಾತಿನಲ್ಲಿ ಮುಗಿಸಿದರೆ ನೀವು ಏನನ್ನೂ ನೋಡಲಿಲ್ಲ ಎಂದೇ ಅರ್ಥ.

ಎರಡನೆಯದಾಗಿ, ನೋವಿಗೆ ನೆನಪು ಇದೆಯೇ ಎಂದು ನೋಡಬೇಕು. ಹತ್ತು ನಿಮಿಷ ಒಬ್ಬನ ಮೊಣಕಾಲನ್ನೇ ಗುರಿಯಾಗಿಸಿ ಹೊಡೆದ ಮೇಲೆ ಅವನು ಹಗ್ಗದ ತುದಿ ಏರಿ ಚಿಗರೆಯಂತೆ ಜಿಗಿದರೆ, ಆ ಹತ್ತು ನಿಮಿಷ ವ್ಯರ್ಥವಾಯಿತು. ಪೆಟ್ಟು ತಿಂದಂತೆ ತೋರಿಸುವುದನ್ನು ಈ ವೃತ್ತಿಯವರು ‘ಸೆಲ್’ ಮಾಡುವುದು ಎನ್ನುತ್ತಾರೆ. ನನ್ನ ಮಟ್ಟಿಗೆ ಕುಸ್ತಿಪಟುವಿನ ಅಭಿನಯವೆಂದರೆ ಮುಖ್ಯವಾಗಿ ಇದೇ, ಮೈಕ್ ಹಿಡಿದು ಆಡುವ ಮಾತಲ್ಲ.

ಎದುರಾಳಿಯ ಭುಜಗಳನ್ನು ನೆಲಕ್ಕೆ ಒತ್ತಿ ಹಿಡಿದಾಗ ರೆಫರಿ ಮೂರರ ತನಕ ಎಣಿಸಿದರೆ ಗೆಲುವು. ಇನ್ನು ಆ ಎಣಿಕೆಯಲ್ಲಿ ಎರಡಕ್ಕೆ ಭುಜ ಎತ್ತಿ ಪಾರಾಗುವ ಕ್ಷಣಗಳು. ಅವನ್ನು ಜಿಪುಣನ ಹಾಗೆ ಖರ್ಚು ಮಾಡಿದವನೇ ಜಾಣ. 2009ರಲ್ಲಿ ಹ್ಯೂಸ್ಟನ್‌ನಲ್ಲಿ ಅಂಡರ್‌ಟೇಕರ್ ಮತ್ತು ಶಾನ್ ಮೈಕಲ್ಸ್ ಅರ್ಧ ತಾಸಿನಷ್ಟು ಹೊತ್ತು ಸೆಣಸಿದರು. ಅಂಡರ್‌ಟೇಕರ್‌ನ ಕೊನೆಯ ಅಸ್ತ್ರವಾದ, ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ಕೆಡವುವ ಟೂಂಬ್‌ಸ್ಟೋನ್‌ನಿಂದ ಪಾರಾದವರು ತೀರಾ ವಿರಳ. ಆ ಪಟ್ಟಿನಿಂದ ಮೈಕಲ್ಸ್ ಎದ್ದಾಗ ಅಂಡರ್‌ಟೇಕರ್‌ನ ಕಣ್ಣುಗಳು ಅಗಲವಾಗಿ ತೆರೆದುಕೊಂಡ ರೀತಿಯನ್ನು ಒಮ್ಮೆ ನೋಡಿ. ವರ್ಷಾನುಗಟ್ಟಲೆ ಆ ಪಟ್ಟಿನ ಮರ್ಯಾದೆ ಕಾಯ್ದುಕೊಂಡು ಬಂದದ್ದರಿಂದಲೇ ಆ ನೋಟಕ್ಕೆ ಬೆಲೆ ಬಂತು. ಈಗಿನ ಹಲವು ಪಂದ್ಯಗಳಲ್ಲಿ ಪ್ರತಿಯೊಬ್ಬನೂ ಎದುರಾಳಿಯ ಬ್ರಹ್ಮಾಸ್ತ್ರದಿಂದ ಮೂರು ಮೂರು ಬಾರಿ ಎದ್ದು ಬರುತ್ತಾನೆ. ಅಲ್ಲಿ ನನಗೆ ಬೇಸರವಾಗುತ್ತದೆ, ಮತ್ತು ನಾನು ಹಾಗೆಂದೇ ಬರೆಯುತ್ತೇನೆ.

ಬರೆಯುವ ಕ್ರಮದ ಬಗ್ಗೆ ಒಂದು ಮಾತು. ನೀವು ಪತ್ರದ ಜೊತೆ ಕಳಿಸಿದ ಮಾದರಿಯಲ್ಲಿ ‘ಅವನು ಎತ್ತಿ ಒಗೆದ, ಇವನು ಒದ್ದ, ಅವನು ಮತ್ತೆ ಎತ್ತಿದ’ ಎಂದು ಮುಕ್ಕಾಲು ಪುಟ ಹೋಗಿದೆ. ಅದು ವರದಿ. ಪಂದ್ಯ ತಿರುಗಿದ ಒಂದು ಗಳಿಗೆಯನ್ನು ಹಿಡಿದು, ಅದು ಏಕೆ ತಿರುಗಿತು ಎಂಬುದನ್ನು ಐದು ಸಾಲಿನಲ್ಲಿ ಬರೆಯಿರಿ. ಪಂದ್ಯವನ್ನು ಎರಡನೆಯ ಬಾರಿ ಟಿವಿಯ ಧ್ವನಿ ಬಂದ್ ಮಾಡಿ ನೋಡಿರಿ. ವೀಕ್ಷಕ ವಿವರಣೆಕಾರರ ಅಬ್ಬರ ಇಲ್ಲದಾಗ ಉಳಿಯುವುದೇ ಕುಸ್ತಿಪಟುಗಳ ಸ್ವಂತ ದುಡಿಮೆ.

ಪ್ರಶ್ನೆ: ಜೋರಾಗಿ, ಚುರುಕಾಗಿ ಆಡಿದ ಪಂದ್ಯವೇ ಶ್ರೇಷ್ಠವೇ? ನಮ್ಮ ಗೆಳೆಯರಲ್ಲಿ ಈ ವಾದ ಮುಗಿಯುವುದೇ ಇಲ್ಲ.
— ಓದುಗರೊಬ್ಬರು, ಹಾವೇರಿ

ಉತ್ತರ: ಒಂದೇ ಸಂಜೆಯ ಎರಡು ಪಂದ್ಯಗಳನ್ನು ನಿಮ್ಮ ಗೆಳೆಯರ ಮುಂದೆ ಇಡಿ. 1987ರ ಮಾರ್ಚ್ 29ರಂದು ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿ ನಡೆದ, ಡಬ್ಲ್ಯೂಡಬ್ಲ್ಯೂಇ ಕಂಪನಿಯ ವರ್ಷಕ್ಕೊಮ್ಮೆಯ ದೊಡ್ಡ ಪ್ರದರ್ಶನವಾದ ಮೂರನೆಯ ರೆಸಲ್‌ಮೇನಿಯಾದಲ್ಲಿ ರ್‍ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ಸುಮಾರು ಕಾಲು ತಾಸು ಉಸಿರು ಬಿಡದ ವೇಗದಲ್ಲಿ ಆಡಿದರು. ಸ್ಯಾವೇಜ್ ಪ್ರತಿಯೊಂದು ಪಟ್ಟನ್ನೂ ಮೊದಲೇ ಬರೆದಿಟ್ಟುಕೊಂಡು ಅಭ್ಯಾಸ ಮಾಡಿಸಿದ್ದರೆಂಬುದು ಪ್ರಸಿದ್ಧವಾದ ಸಂಗತಿ, ಮತ್ತು ಆ ಶ್ರಮ ಪಂದ್ಯದಲ್ಲಿ ಕಾಣುತ್ತದೆ. ಅದೇ ಸಂಜೆಯ ಕೊನೆಯ ಪಂದ್ಯ ಹಲ್ಕ್ ಹೋಗನ್ ಮತ್ತು ಆಂದ್ರೆ ದ ಜೈಂಟ್ ಅವರದು. ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಆಂದ್ರೆಗೆ ಸರಿಯಾಗಿ ಓಡಾಡುವುದೇ ಕಷ್ಟವಾಗಿತ್ತು. ಪಂದ್ಯ ನಿಧಾನವಾಗಿತ್ತು, ಬಹಳ ಹೊತ್ತು ಒಬ್ಬರನ್ನೊಬ್ಬರು ಅಪ್ಪಿ ಹಿಡಿದು ನಿಂತದ್ದೇ ಆಯಿತು. ಆದರೆ ಮೊದಲ ಕೆಲವೇ ಕ್ಷಣಗಳಲ್ಲಿ ಹೋಗನ್ ಆ ದೈತ್ಯನನ್ನು ಎತ್ತಲು ಹೋಗಿ ಭಾರಕ್ಕೆ ಕುಸಿದು ಅವನ ಅಡಿ ಸಿಕ್ಕಿಕೊಂಡಿದ್ದರು. ಹೀಗಾಗಿ ಕೊನೆಗೆ ನಿಜವಾಗಿಯೂ ಎತ್ತಿ ಒಗೆದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ತನ್ನನ್ನು ಎತ್ತಗೊಟ್ಟ ಆಂದ್ರೆಯ ಔದಾರ್ಯ ಇಲ್ಲದೆ ಆ ಚಿತ್ರ ಹುಟ್ಟುತ್ತಿರಲಿಲ್ಲ. ಪಂದ್ಯ ನಿಧಾನವಾಗಿತ್ತು ಎಂಬುದನ್ನು ಮುಚ್ಚಿಡುವ ವಿಮರ್ಶಕ ಸುಳ್ಳು ಬರೆಯುತ್ತಾನೆ. ಅದಷ್ಟನ್ನೇ ಬರೆಯುವವನು ಆ ಸಂಜೆಯನ್ನು ಕಳೆದುಕೊಂಡಿದ್ದಾನೆ. ನನ್ನ ಆಯ್ಕೆ ಕೇಳಿದರೆ, ಮತ್ತೆ ಮತ್ತೆ ನೋಡಲು ಸ್ಯಾವೇಜ್-ಸ್ಟೀಮ್‌ಬೋಟ್ ಪಂದ್ಯ.

ಪ್ರಶ್ನೆ: ಹರೆಯದಲ್ಲಿ ಗರಡಿಮನೆಯ ಕೆಂಪು ಮಣ್ಣಿನಲ್ಲಿ ಸಾಮು ಮಾಡಿದವನು ನಾನು. ಟಿವಿಯಲ್ಲಿ ಬರುವ ಈ ಆಟಕ್ಕೂ ಕುಸ್ತಿ ಎಂಬ ಹೆಸರನ್ನೇ ಕೊಡುವುದು ಪೈಲ್ವಾನರಿಗೆ ಅವಮಾನವಲ್ಲವೇ?
— ನಿವೃತ್ತ ಪೈಲ್ವಾನರು, ಧಾರವಾಡ

ಉತ್ತರ: ಹಿರಿಯರೇ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಜಾತ್ರೆಯ ಕಣದಲ್ಲಿ ನಿಕಾಲಿ ಕುಸ್ತಿ ಎಂದರೆ ಒಬ್ಬನು ಚಿತ್ ಆಗುವ ತನಕ ಬಿಡುವಿಲ್ಲ. ಅಲ್ಲಿ ಇಬ್ಬರೂ ಒಳಗೊಳಗೇ ಮಾತಾಡಿಕೊಂಡರೆ ಅದು ಕಮಿಟಿಗೂ ಜನರಿಗೂ ಮಾಡಿದ ದ್ರೋಹ. ಆದರೆ ರಿಂಗ್‌ನ ಆಟದಲ್ಲಿ ಇಬ್ಬರೂ ಹೊಂದಿಕೊಂಡು ಆಡುವುದೇ ಅವರ ಕಸುಬು, ಅದನ್ನು ಅವರು ಈಗ ಮುಚ್ಚಿಡುವುದೂ ಇಲ್ಲ. ಎರಡಕ್ಕೂ ಅಳತೆಗೋಲು ಬೇರೆ ಎಂದು ಒಪ್ಪಿಕೊಂಡರೆ ಯಾರಿಗೂ ಅವಮಾನವಾಗದು. ಅಖಾಡದ ಮಣ್ಣಿನಲ್ಲಿ ಬೆಳೆದ ದಾರಾ ಸಿಂಗ್ ಅವರೇ 1968ರಲ್ಲಿ ಮುಂಬೈಯಲ್ಲಿ ಅಮೆರಿಕದ ಲೂ ಥೆಜ್ ಅವರನ್ನು ಸೋಲಿಸಿ ವೃತ್ತಿಪರ ಕುಸ್ತಿಯ ವಿಶ್ವ ಪ್ರಶಸ್ತಿ ಪಡೆದವರು. ನಮ್ಮ ಹಿರಿಯರು ಅವರನ್ನು ಪೈಲ್ವಾನರೆಂದೇ ಗೌರವಿಸಿದರು.

ನಿಜ ಹೇಳಬೇಕೆಂದರೆ, ಈ ಆಟವನ್ನು ನೋಡುವ ಕಣ್ಣು ನನಗೆ ಬಂದದ್ದೇ ನಿಮ್ಮಂಥವರಿಂದ. ನಾನು ಚಿಕ್ಕವನಿದ್ದಾಗ ಧಾರವಾಡದ ಸಮೀಪದ ಒಂದು ಹಳ್ಳಿಯ ಜಾತ್ರೆಯಲ್ಲಿ, ಹಲಗಿಯ ಬಡಿತಕ್ಕೆ ಮೈಮರೆತು ಪೈಲ್ವಾನರ ಮುಖವನ್ನೇ ನೋಡುತ್ತ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ, ಎರಡೂ ಕಿವಿ ಮುದುಡಿಕೊಂಡಿದ್ದ ವಸ್ತಾದರೊಬ್ಬರು ನನ್ನ ಗದ್ದ ಹಿಡಿದು ಕೆಳಗೆ ತಿರುಗಿಸಿ, ‘ತಮ್ಮಾ, ಮಾರಿ ಏನ್ ನೋಡ್ತಿ, ಕಾಲು ನೋಡು’ ಎಂದರು. ಎದುರಾಳಿಯ ಮುಂಗಾಲು ಒಂದು ಗೇಣು ಜರುಗಿದ್ದನ್ನು ಅವರು ಬೆರಳು ಮಾಡಿ ತೋರಿಸಿ ಮುಗಿಸುವಷ್ಟರಲ್ಲಿ ಆ ಪೈಲ್ವಾನ ಮಣ್ಣಿನ ಮೇಲೆ ಬಿದ್ದಿದ್ದ. ಇವತ್ತಿಗೂ ರಿಂಗ್‌ನ ಪಂದ್ಯ ನೋಡುವಾಗ ನಾನು ಮೊದಲು ಕಾಲನ್ನೇ ನೋಡುತ್ತೇನೆ. ಎತ್ತಿಸಿಕೊಳ್ಳುವವನು ತಾನಾಗಿ ಜಿಗಿದು ಎತ್ತುವವನಿಗೆ ನೆರವಾದದ್ದು ಅಲ್ಲಿ ತಿಳಿಯುತ್ತದೆ, ಅದನ್ನು ಕಾಣದಂತೆ ಮಾಡಿದವರ ಕೈಚಳಕವೂ ಅಲ್ಲಿಯೇ ತಿಳಿಯುತ್ತದೆ.

ನನಗಿರುವ ಕೊರಗು ಬೇರೆ. 2020ರಲ್ಲಿ ನಿಮ್ಮದೇ ಊರಿನಲ್ಲಿ ಕರ್ನಾಟಕ ಕುಸ್ತಿ ಹಬ್ಬ ನಡೆಯಿತು. ವರ್ಷವಿಡೀ ನಮ್ಮ ಜಾತ್ರೆಗಳಲ್ಲಿ ಕಣಗಳು ಏಳುತ್ತವೆ. ಆದರೆ ಯಾರು ಯಾರನ್ನು ಚಿತ್ ಮಾಡಿದರು, ಬೆಳ್ಳಿ ಗದೆ ಯಾರ ಪಾಲಾಯಿತು ಎಂಬುದಕ್ಕಿಂತ ಹೆಚ್ಚಿನದು ನಮಗೆ ಓದಲು ಸಿಗುವುದು ಅಪರೂಪ. ಯಾವ ಡಾವು ಹಾಕಿದರು, ಅದಕ್ಕೆ ಎದುರು ಡಾವು ಏನಿತ್ತು, ಎಲ್ಲಿ ಉಸಿರು ಸೋತಿತು ಎಂಬುದನ್ನು ನಿಮ್ಮಂಥವರು ಹೇಳಿ, ಮೇಲಿನ ಪ್ರಶ್ನೆ ಕೇಳಿದ ವಿದ್ಯಾರ್ಥಿಯಂಥವರು ಬರೆದುಕೊಳ್ಳಬೇಕು. ನೀವು ಒಪ್ಪಿದರೆ ಈ ಪತ್ರಿಕೆ ಅದಕ್ಕೆ ಪುಟ ಕೊಡಲು ಸಿದ್ಧವಿದೆ.

ಪ್ರಶ್ನೆ: ನಮ್ಮ ಶಾಲೆಯ ಐದನೆಯ ತರಗತಿಯ ಹುಡುಗರು ಬೆಂಚಿನ ಮೇಲಿಂದ ಒಬ್ಬರ ಮೇಲೊಬ್ಬರು ಹಾರುತ್ತಾರೆ. ‘ಅದೆಲ್ಲ ಸುಳ್ಳು, ಪೆಟ್ಟಾಗುವುದಿಲ್ಲ ಟೀಚರ್’ ಎಂದು ನನಗೇ ಹೇಳುತ್ತಾರೆ. ಏನು ಮಾಡಲಿ?
— ಶಿಕ್ಷಕಿ, ರಾಣೆಬೆನ್ನೂರು

ಉತ್ತರ: ಅಕ್ಕಾ, ಮೊದಲು ಆ ‘ಸುಳ್ಳು’ ಎಂಬ ಮಾತನ್ನೇ ಮಕ್ಕಳ ತಲೆಯಿಂದ ತೆಗೆಯಿರಿ. ಫಲಿತಾಂಶ ಗೊತ್ತುಮಾಡಿದ್ದು, ಬೀಳುವುದು ನಿಜವಾದದ್ದು. ರಿಂಗ್‌ನ ನೆಲವೆಂದರೆ ಉಕ್ಕಿನ ತೊಲೆಗಳ ಮೇಲೆ ಹಲಗೆ, ಅದರ ಮೇಲೆ ತೆಳುವಾದ ಫೋಮ್, ಮೇಲೊಂದು ಬಿಗಿದ ಕ್ಯಾನ್ವಾಸ್, ಅದು ಹಾಸಿಗೆಯಲ್ಲ. ಗದ್ದವನ್ನು ಎದೆಗೆ ಒತ್ತಿ, ಬೆನ್ನು ಪೂರ್ತಿಯಾಗಿ ನೆಲಕ್ಕೆ ತಾಗುವಂತೆ, ಅಂಗೈಗಳನ್ನು ಅಗಲಿಸಿ ಬಡಿಯುತ್ತ ಬೀಳುವುದನ್ನು ಅವರು ತಿಂಗಳುಗಟ್ಟಲೆ ಕಲಿಯುತ್ತಾರೆ. ಕಲಿತವರಿಗೂ ತಪ್ಪುತ್ತದೆ. ನಾನು ಮೇಲೆ ಹೊಗಳಿದ ಸ್ಟೀವ್ ಆಸ್ಟಿನ್ ಅದೇ 1997ರ ಆಗಸ್ಟ್‌ನಲ್ಲಿ, ತಲೆಕೆಳಗಾಗಿ ಹಿಡಿದು ಕೆಡವುವ ಪಟ್ಟೊಂದರಲ್ಲಿ ಎದುರಾಳಿಯ ಅಂದಾಜು ತಪ್ಪಿ ನೆತ್ತಿಯ ಮೇಲೆ ಬಿದ್ದರು; ಸ್ವಲ್ಪ ಹೊತ್ತು ಅವರಿಗೆ ಕೈಕಾಲು ಆಡಲಿಲ್ಲ. ಕತ್ತಿನ ಆ ಪೆಟ್ಟು ಅವರನ್ನು ಬಿಡಲಿಲ್ಲ, 2003ರಲ್ಲಿ ಅವರು ಕುಸ್ತಿಯನ್ನೇ ಬಿಡಬೇಕಾಯಿತು. ಈ ಸಂಗತಿಯನ್ನು ಹುಡುಗರಿಗೆ ಹೇಳಿ. ಹಾಗೆಯೇ ಹತ್ತಿರದ ಗರಡಿಗೋ ಕಬಡ್ಡಿ ಅಂಕಣಕ್ಕೋ ಕರೆದುಕೊಂಡು ಹೋಗಿ, ಬೀಳುವುದನ್ನು ಬಲ್ಲವರ ಕೈಯಲ್ಲಿ ಕಲಿಸಿರಿ. ಬರೀ ಬೈದರೆ ಅವರು ನಿಮ್ಮ ಕಣ್ಣು ತಪ್ಪಿಸಿ ಹಾರುತ್ತಾರೆ.

ವಿಮರ್ಶೆ ಬರೆಯುವವರಿಗೂ ಇಲ್ಲೊಂದು ಹೊಣೆ ಇದೆ. ತಲೆಯ ಮೇಲೆ ಬೀಳುವ ಪಟ್ಟನ್ನು ಧೈರ್ಯವೆಂದು ನಾನು ಎಂದೂ ಹೊಗಳುವುದಿಲ್ಲ. ಎದುರಾಳಿಯನ್ನು ಮರುದಿನವೂ ನಡೆದಾಡುವಂತೆ ಕಾಪಾಡಿದವನೇ ನನ್ನ ಲೆಕ್ಕದಲ್ಲಿ ಒಳ್ಳೆಯ ಕಸುಬುದಾರ.

ಪ್ರಶ್ನೆ: ಪಂದ್ಯಗಳಿಗೆ ನಕ್ಷತ್ರ ಕೊಡಬೇಕೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಕಿದ್ದರೆ ಕೊಡಿ, ಆದರೆ ಎಲ್ಲ ಬರೆದು ಮುಗಿಸಿದ ಮೇಲೆ. ಅಮೆರಿಕದ ಪತ್ರಕರ್ತ ಡೇವ್ ಮೆಲ್ಟ್‌ಜರ್ ಅವರು ಐದು ನಕ್ಷತ್ರಗಳ ಅಳತೆಯನ್ನು ಜನಪ್ರಿಯಗೊಳಿಸಿದರು. ಬ್ರೆಟ್-ಆಸ್ಟಿನ್ ಪಂದ್ಯಕ್ಕೆ ಅವರು ಕೊಟ್ಟದ್ದು ಐದು. ಆದರೆ 2017ರ ಜನವರಿಯಲ್ಲಿ ಟೋಕಿಯೋದಲ್ಲಿ ಕಜುಚಿಕಾ ಒಕಾಡಾ ಮತ್ತು ಕೆನ್ನಿ ಒಮೆಗಾ ಆಡಿದ ಪಂದ್ಯಕ್ಕೆ ಆರು ಕೊಟ್ಟರು, ಮುಂದಿನ ವರ್ಷ ಅದೇ ಜೋಡಿಗೆ ಏಳು ಕೊಟ್ಟರು. ಆ ಪಂದ್ಯಗಳು ಬಹಳ ದೊಡ್ಡವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸೇರಿನಲ್ಲಿ ಅಳೆಯುತ್ತ ಬಂದವರು ನಡುವೆ ಸೇರನ್ನೇ ದೊಡ್ಡದು ಮಾಡಿದರೆ ಹಳೆಯ ಅಳತೆಗೆ ಅರ್ಥ ಉಳಿಯುವುದಿಲ್ಲ. ನಿಮ್ಮ ನಾಲ್ಕಕ್ಕೂ ನಾಲ್ಕೂವರೆಗೂ ಏನು ವ್ಯತ್ಯಾಸ ಎಂಬುದು ನಿಮ್ಮ ಬರಹದಲ್ಲಿ ಓದುಗರಿಗೆ ಕಾಣದಿದ್ದರೆ, ಆ ಅರ್ಧ ನಕ್ಷತ್ರವನ್ನು ಹೊಡೆದು ಹಾಕಿ, ಒಂದು ವಾಕ್ಯ ಹೆಚ್ಚು ಬರೆಯಿರಿ.